ಆಯಿಯ ಕ್ಯಾಲೆಂಡರಿನ ಗೀಟುಗಳು

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಆಯಿಯ ಜೊತೆ ಒಂದು ಜಗಳ ಆಯ್ತು. ಜಗಳ ಅಂದರೆ, ನಾನು ಮಾತಾಡಿದೆ, ಆಕೆ ಮೊರದಲ್ಲಿ ಶಾವಿಗೆ ಹರವುತ್ತಾ ಕೇಳಿಸಿಕೊಂಡಳು. ಸರ್ಕಾರ ಹೀಗೆ ಎಲ್ಲರ ಅಕೌಂಟಿಗೆ ದುಡ್ಡು ಹಾಕುತ್ತಾ ಹೋದರೆ ಜನ ದುಡಿಯೋದೇ ಬಿಡ್ತಾರೆ, ರಸ್ತೆಗೆ ದುಡ್ಡಿರಲ್ಲ, ನನ್ನ ಸಂಬಳದಲ್ಲಿ ಕಡಿಯೋ ಟ್ಯಾಕ್ಸ್ ಎಲ್ಲಿಗೆ ಹೋಗ್ತಿದೆ ನೋಡು ಅಂತೆಲ್ಲ. ಬೆಂಗಳೂರಿನ ಆಫೀಸ್ ಕ್ಯಾಂಟೀನುಗಳಲ್ಲಿ ವಾರಕ್ಕೊಮ್ಮೆಯಾದರೂ ನಡೆಯುವ ಮಾತು ಇದು. ನೀವೂ ಆಡಿರುತ್ತೀರಿ, ಇಲ್ಲವೇ ಕೇಳಿರುತ್ತೀರಿ. ಆಯಿ ಎಲ್ಲ ಕೇಳಿ, "ಆತು ಬಿಡಪಾ. ಬಿಸಲಾಗ ಬಂದೀದಿ, ಒಂದೀಟು ಮಜ್ಜಿಗಿ ಕುಡಿ" ಅಂದಳು.

ಅವಳ ಖಾತೆಗೆ ಆಗ ಮೂರು ತಿಂಗಳಿಂದ ಒಂದು ರೂಪಾಯಿಯೂ ಬಂದಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಹನ್ನೆರಡು ದಿನ ಬಿಟ್ಟು, ಆಕೆ ಹಿತ್ತಲಲ್ಲಿ ತಲೆ ತಿರುಗಿ ಬಿದ್ದು ಆಸ್ಪತ್ರೆ ಸೇರಿದ ಮೇಲೆ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಹಳೆಯ ಕಲ್ಲು, ಕೆರೆ, ಕೋಟೆಗಳ ಬಗ್ಗೆ ಬರೀತೀನಿ. ಈ ಸಲ ದುಡ್ಡಿನ ಬಗ್ಗೆ ಬರೀಬೇಕು ಅನ್ನಿಸಿದೆ. ಆದರೆ ಶುರು ಮಾಡೋದು ಮಾತ್ರ ಕಲ್ಲಿನಿಂದಲೇ.

ನನ್ನ ಆಯಿಯ ಊರು ಹಾನಗಲ್ ತಾಲೂಕಿನ ಆಡೂರಿಗೆ ಹತ್ತಿರದ ಒಂದು ಸಣ್ಣ ಹಳ್ಳಿ. ನಮ್ಮಂಥ ಸುತ್ತಲಿನ ಹಳ್ಳಿಗಳ ಮಟ್ಟಿಗೆ ಆಡೂರು ದೊಡ್ಡ ಊರು. ಇತಿಹಾಸದ ಪುಸ್ತಕಗಳಲ್ಲೂ ಅದಕ್ಕೊಂದು ಜಾಗ ಇದೆ. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಹೆಸರಿರುವ ಒಂದು ಶಾಸನ ಅಲ್ಲಿ ಸಿಕ್ಕಿದೆ. ಒಂದು ಭಾಗ ಸಂಸ್ಕೃತ, ಇನ್ನೊಂದು ಭಾಗ ಹಳಗನ್ನಡ. ವಿಷಯ ಏನು ಅಂದರೆ, ಊರಿನ ಗಾವುಂಡರು ಒಂದು ಜಿನಾಲಯಕ್ಕೆ ಹೊಲ ಬಿಟ್ಟುಕೊಟ್ಟದ್ದು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಒಂದು ಟ್ರಾನ್ಸ್‌ಫರ್.

ಕನ್ನಡದ ಹಳೆಯ ಶಾಸನಗಳನ್ನು ಸಾಲಾಗಿ ಇಟ್ಟು ನೋಡಿದರೆ ಬಹುಪಾಲು ಹೀಗೇ ಇವೆ. ಹಲ್ಮಿಡಿಯ ಕಲ್ಲು ಕೂಡ ಒಂದು ದತ್ತಿಯ ದಾಖಲೆ. ಬಸದಿಗೆ, ದೇವಸ್ಥಾನಕ್ಕೆ, ಮಠಕ್ಕೆ, ಕೆರೆಯ ದುರಸ್ತಿಗೆ ಭೂಮಿ ಕೊಟ್ಟರು. ಜೈನರಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಅಂತ ನಾಲ್ಕು ದಾನಗಳಿವೆ. ಬಸದಿಗೆ ಬಿಟ್ಟ ಹೊಲದ ಫಸಲು ಇಂಥ ಕೆಲಸಕ್ಕೂ ಹೋಗುತ್ತಿತ್ತು. ಊರಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ 'ನೆತ್ತರುಗೊಡಗೆ' ಅಂತ ಹೆಸರೇ ಇತ್ತು. ಆದರೆ ಬರೀ ಬಡವ ಅನ್ನೋ ಕಾರಣಕ್ಕೆ ಒಬ್ಬಳು ಮುದುಕಿಯ ಹೆಸರನ್ನು ಕಲ್ಲಿನಲ್ಲಿ ಬರೆದು ಕೊಟ್ಟ ದಾನವನ್ನು ನಾನಂತೂ ನೋಡಿಲ್ಲ. ಆಕೆಗೆ ತಲುಪುವುದಿದ್ದರೆ ಅದು ಬಸದಿಯ ಅಂಗಳದಲ್ಲಿ, ಮಠದ ಪಂಕ್ತಿಯಲ್ಲಿ, ಗೌಡರ ಮನೆಯ ಹಿಂಬಾಗಿಲಲ್ಲಿ, ಕೈ ಚಾಚಿದ ಮೇಲೆ.

ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿ ಇರುತ್ತವೆ: ಕೊಟ್ಟವರು ಯಾರು, ಪಡೆದವರು ಯಾರು, ಇದನ್ನು ತಪ್ಪಿಸಿದರೆ ಏನಾಗುತ್ತೆ. ಮೂರನೆಯದನ್ನು ಶಾಪಾಶಯ ಅಂತಾರೆ. ಕಾಯ್ದವನಿಗೆ ಪುಣ್ಯ, ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ, ಹೀಗೆ. ಈ ಮೂರನೆಯ ಸಾಲನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

*

ಸರ್ಕಾರ ಅನ್ನೋದು ನಮ್ಮ ಕಡೆಯ ಬಡವರ ಕೈಗೆ ನೇರವಾಗಿ, ದೊಡ್ಡ ಪ್ರಮಾಣದಲ್ಲಿ ಏನಾದರೂ ಕೊಟ್ಟದ್ದಕ್ಕೆ ಹಳೆಯ ಉದಾಹರಣೆ ಹುಡುಕಿದರೆ ಧಾತು-ಈಶ್ವರ ಸಂವತ್ಸರಗಳ ಬರಕ್ಕೆ, ಅಂದರೆ 1876ರಿಂದ 78ಕ್ಕೆ ಹೋಗಬೇಕು. ಆಗ ಹಾನಗಲ್ ಇದ್ದದ್ದು ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆಯಲ್ಲಿ (ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ). ಬರ ಬಿದ್ದ ಜಿಲ್ಲೆಗಳಲ್ಲಿ ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ರಸ್ತೆ, ಕೆರೆ, ಕಲ್ಲು ಒಡೆಯೋದು. ದುಡಿದವರಿಗೆ ದಿನಗೂಲಿ.

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಬಂದು, ಕೂಲಿ ಜಾಸ್ತಿಯಾಯ್ತು ಅಂತ ಇಳಿಸಿದ. ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದು ಆಣೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಮ್ಮಿ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ, ಅದನ್ನು ತಿಂದು ದಿನವಿಡೀ ಕಲ್ಲು ಒಡೀಬೇಕು. ಕೂಲಿ ಜಾಸ್ತಿ ಕೊಟ್ಟರೆ ಜನ ಸೋಮಾರಿಗಳಾಗಿ ಸರ್ಕಾರಕ್ಕೇ ಅಂಟಿಕೊಳ್ಳುತ್ತಾರೆ ಅನ್ನೋದು ಆಗಿನ ಆಡಳಿತದ ದೊಡ್ಡ ಚಿಂತೆ. ಬಾಂಬೆ ಪ್ರಾಂತ್ಯದಲ್ಲಿ ಕೂಲಿಗಳು ಇದರ ವಿರುದ್ಧ ಮುಷ್ಕರ ಹೂಡಿದರು, ಪುಣೆ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಆ ಹೊತ್ತಿಗೆ ದೇಶದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಲೇ ಇತ್ತು.

ನೂರು ವರ್ಷ ಕಳೆದ ಮೇಲೆ, 1981ರಲ್ಲಿ, ಅಮರ್ತ್ಯ ಸೇನ್ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಬರಗಾಲದಲ್ಲಿ ಜನ ಸಾಯೋದು ಎಷ್ಟೋ ಸಲ ಊರಲ್ಲಿ ಕಾಳು ಇಲ್ಲ ಅಂತಲ್ಲ, ಇರುವ ಕಾಳನ್ನು ಕೊಳ್ಳುವ ಶಕ್ತಿ ಅವರಿಗೆ ಇಲ್ಲ ಅಂತ. 1880ರ ಬರ ಆಯೋಗದ ನಂತರ ಬಂದ ಫ್ಯಾಮಿನ್ ಕೋಡ್‌ನಲ್ಲಿ ದುಡಿಯಲಾಗದ ಮುದುಕರು, ರೋಗಿಗಳಿಗೆ ಊರಲ್ಲೇ ಪುಕ್ಕಟೆ ಪರಿಹಾರ ಕೊಡುವ ವ್ಯವಸ್ಥೆ ಬಂತು. ಯಾರಿಗೆ ಕೊಡಬೇಕು ಅನ್ನುವ ಪಟ್ಟಿ ತಯಾರಾಗುತ್ತಿದ್ದದ್ದು ಊರ ಅಧಿಕಾರಿಗಳ ಮೂಲಕ. ಅಲ್ಲಿಗೆ ಮುದುಕಿಯ ಹೆಸರು ಮೊದಲ ಬಾರಿಗೆ ಕಾಗದದ ಮೇಲೆ ಬಂತು. ಆದರೆ ಬರೆಯುವವನ ಮನೆಯ ಮುಂದೆ ನಿಲ್ಲೋದು ತಪ್ಪಲಿಲ್ಲ.

ಟೆಂಪಲ್‌ನ ಚಿಂತೆಯನ್ನು ಓದುವಾಗ ನನಗೆ ಸ್ವಲ್ಪ ಮುಜುಗರ ಆಯ್ತು. ಯುಗಾದಿ ದಿನ ನಾನು ಆಯಿಗೆ ಹೇಳಿದ್ದು ಹೆಚ್ಚುಕಮ್ಮಿ ಅದನ್ನೇ ತಾನೆ?

*

ಈಗ ಆಯಿಯ ಕಥೆ. ಆಧಾರ್ ಕಾರ್ಡಿನ ಪ್ರಕಾರ ಆಕೆ ಹುಟ್ಟಿದ್ದು 1942ರ ಜನವರಿ 1ಕ್ಕೆ. (ಅವಳ ವಾರಗೆಯವರೆಲ್ಲ ಹುಟ್ಟಿದ್ದು ಜನವರಿ ಒಂದಕ್ಕೇ!) ಅಜ್ಜನಿಗೆ ಎರಡೂವರೆ ಎಕರೆ ಹೊಲ, ಮಳೆ ಬಂದರೆ ಬೆಳೆ. 2007ರಲ್ಲಿ ರಾಜ್ಯ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆ ತಂದಾಗ, ಸಣ್ಣ ರೈತರು, ಕೂಲಿಕಾರರು, ನೇಕಾರರಂಥ 65 ದಾಟಿದವರಿಗೆ ತಿಂಗಳಿಗೆ 400 ರೂಪಾಯಿ ಅಂತಾಯ್ತು. ಅದಕ್ಕೂ ಮುಂಚೆ, 1995ರ ಆಗಸ್ಟ್ 15ರಿಂದ ಕೇಂದ್ರದ ವೃದ್ಧಾಪ್ಯ ವೇತನ ಇತ್ತು, ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಆ ಪಾಲು ಮುಂದೆ 200ಕ್ಕೆ ಏರಿ, ಎಂಬತ್ತರೊಳಗಿನವರಿಗೆ ಇವತ್ತಿಗೂ ಅಲ್ಲೇ ನಿಂತಿದೆ. ಅದರ ಮೇಲಿನದನ್ನು ರಾಜ್ಯಗಳು ಹಾಕುತ್ತಾ ಬಂದಿವೆ. ಆಯಿಯ ಸಂಧ್ಯಾ ಸುರಕ್ಷಾ ಈಗ 1,200 ರೂಪಾಯಿ.

ಆ 400 ರೂಪಾಯಿ ಬರುತ್ತಿದ್ದದ್ದು ಮನಿ ಆರ್ಡರ್‌ನಲ್ಲಿ. ಭಾರತದಲ್ಲಿ 1880ರಲ್ಲಿ ಶುರುವಾದ ಈ ಪದ್ಧತಿಯನ್ನು ನಿಮ್ಮಲ್ಲಿ ಅನೇಕರು ನೋಡಿರಲಿಕ್ಕಿಲ್ಲ. ಅಂಚೆಯವರು ಸೈಕಲ್ ಮೇಲೆ ಬಂದು ಕಟ್ಟೆಯ ಮೇಲೆ ಕೂತು ಹೆಸರು ಕೂಗುತ್ತಿದ್ದರು. ಇಂಕ್ ಪ್ಯಾಡ್ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟು ಎಣಿಸಿ ಕೊಡೋರು. ಎಣಿಸುವಾಗ 'ಚಹಾಕ್ಕ' ಅಂತ ಇಪ್ಪತ್ತು ರೂಪಾಯಿ ಅವರೇ ಇಟ್ಟುಕೊಳ್ಳೋರು. ಯಾರೂ ಮಾತಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಎಲ್ಲರೂ ನೋಡುತ್ತಿದ್ದರಿಂದ ಇವತ್ತು ಯಾರ ಕೈಯಲ್ಲಿ ದುಡ್ಡಿದೆ ಅಂತ ಕಿರಾಣಿ ಅಂಗಡಿಯವರಿಗೂ ಗೊತ್ತಾಗುತ್ತಿತ್ತು, ಮನೆಯ ಗಂಡಸರಿಗೂ ಗೊತ್ತಾಗುತ್ತಿತ್ತು. ಸಂಜೆಯೊಳಗೆ ಆಯಿಯ ಕೈ ಬರಿದು. ಉದ್ರಿ ತೀರಿಸಿದ್ದಷ್ಟು, ಅಜ್ಜನ ಬೀಡಿಗೆ ಅಷ್ಟು, ಕಾಕಾನ ಗೊಬ್ಬರಕ್ಕೆ ಅಷ್ಟು.

ದಿಲ್ಲಿಯಿಂದ ಹೊರಟ ರೂಪಾಯಿಯಲ್ಲಿ ಬಡವರಿಗೆ ತಲುಪೋದು ಹದಿನೈದು ಪೈಸೆ ಅಂತ ರಾಜೀವ್ ಗಾಂಧಿ 1985ರಲ್ಲಿ ಹೇಳಿದ್ದು ಪ್ರಸಿದ್ಧ. ನಡುವಿನ ಕೈಗಳನ್ನು ತೆಗೆಯಬೇಕು ಅನ್ನುವ ಆಸೆಯಿಂದಲೇ 2013ರ ಜನವರಿ 1ರಂದು ನೇರ ನಗದು ವರ್ಗಾವಣೆ, ನಮ್ಮ ಬಾಯಲ್ಲಿ ಡಿಬಿಟಿ, ಕೆಲವು ಜಿಲ್ಲೆಗಳಲ್ಲಿ ಶುರುವಾಯ್ತು. 2014ರ ಆಗಸ್ಟ್‌ನಲ್ಲಿ ಜನ್ ಧನ್ ಖಾತೆಗಳು ಬಂದವು. ಅಂದಹಾಗೆ ಪೇಟೆಯ ನಮ್ಮಲ್ಲಿ ಅನೇಕರಿಗೆ ಮೊದಲು ಬಂದ ಡಿಬಿಟಿ ಅಡುಗೆ ಗ್ಯಾಸಿನ ಸಬ್ಸಿಡಿ. ಅದು ಖಾತೆಗೆ ಬಿದ್ದಾಗ ನಾವು ಯಾರೂ ಸೋಮಾರಿಗಳಾಗಲಿಲ್ಲ. ಅದನ್ನು ಬಿಟ್ಟಿ ಅಂತಲೂ ಕರೆಯಲಿಲ್ಲ.

ಆಯಿಗೆ ಖಾತೆ ಆಯ್ತು. ಪಾಸ್‌ಬುಕ್ ಬಂತು. ಅದರ ಮೇಲೆ ಆಕೆಯ ಫೋಟೋ, ಆಕೆಯ ಹೆಸರು. ಹೊಲ ಅಜ್ಜನ ಹೆಸರಲ್ಲಿ, ಮನೆ ಅಜ್ಜನ ಹೆಸರಲ್ಲಿ, ಲೈಟ್ ಬಿಲ್ ಅಜ್ಜನ ಹೆಸರಲ್ಲಿ. ಅವರು ತೀರಿಕೊಂಡ ಮೇಲೆ ಎಲ್ಲವೂ ಕಾಕಾನ ಹೆಸರಿಗೆ ಹೋದವು. ಆಯಿಯ ಹೆಸರಿನಲ್ಲಿ ಇದ್ದದ್ದು ಆ ಪಾಸ್‌ಬುಕ್ ಒಂದೇ. ಅದನ್ನು ಆಕೆ ಇಟ್ಟಿದ್ದು ದೇವರ ಜಗಲಿಯ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ದುಡ್ಡು ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು. ಓದು ಬರಹ ಇಲ್ಲದವಳ ಲೆಕ್ಕದ ಪುಸ್ತಕ ಅದು.

*

2023ರಲ್ಲಿ ಎರಡು ಸಂಗತಿ ನಡೆದವು. ಎರಡೂ ಒಂದೇ ಮನೆಯೊಳಗೆ ನೋಡಲು ಸಿಕ್ಕಿದ್ದು ನನ್ನ ಪುಣ್ಯ.

ಮೊದಲನೆಯದು ಅನ್ನಭಾಗ್ಯ. ಹೆಚ್ಚುವರಿ 5 ಕಿಲೋ ಅಕ್ಕಿ ಕೊಡುತ್ತೇವೆ ಅಂದ ರಾಜ್ಯ ಸರ್ಕಾರಕ್ಕೆ ಕೇಂದ್ರದಿಂದ ಅಕ್ಕಿ ಸಿಗಲಿಲ್ಲ. ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕತೊಡಗಿದರು, ಜುಲೈ 2023ರಿಂದ. 2025ರ ಫೆಬ್ರವರಿಯಲ್ಲಿ ಮತ್ತೆ ದುಡ್ಡಿನ ಬದಲು ಅಕ್ಕಿಯನ್ನೇ ಕೊಡುವ ತೀರ್ಮಾನ ಆಯ್ತು. ಅರ್ಥಶಾಸ್ತ್ರದವರು 'ಕಾಳೋ ಕಾಸೋ' ಅಂತ ದಶಕಗಳಿಂದ ಜಗಳ ಆಡ್ತಾ ಇದ್ದಾರೆ. ನಮ್ಮ ರಾಜ್ಯ ಎರಡನ್ನೂ ಎರಡು ವರ್ಷದೊಳಗೆ ಮಾಡಿ ನೋಡಿತು.

ನಾನು ಆಯಿಯನ್ನು ಕೇಳಿದೆ, ಯಾವುದು ಚಲೋ ಅಂತ. ದುಡ್ಡು ಅನ್ನುತ್ತಾಳೆ ಅಂದುಕೊಂಡಿದ್ದೆ. "ಅಕ್ಕಿ ಬಂದ್ರ ಮನ್ಯಾಗ ಇರತೈತಿ. ಅಕ್ಕೀನ ಯಾರೂ ಕಸಗೊಂಡು ಹೋಗೂದಿಲ್ಲ. ರೊಕ್ಕ ಬಂದ್ರ ನಾಕ ಮಂದಿ ಕೇಳತಾರ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅಕ್ಕಿ ಕೊಟ್ಟು ಗುಳಿಗಿ ತರಾಕ ಬರೂದಿಲ್ಲ ನೋಡು" ಅಂದಳು. ನಾನು ಓದಿದ ಯಾವ ಲೇಖನವೂ ಇದನ್ನು ಇಷ್ಟು ಚಿಕ್ಕದಾಗಿ ಹೇಳಿಲ್ಲ. ಬೆಲೆ ಏರಿದಾಗ 170 ರೂಪಾಯಿ ಸಣ್ಣದಾಗುತ್ತೆ, 5 ಕಿಲೋ 5 ಕಿಲೋ ಆಗಿಯೇ ಇರುತ್ತೆ. ಆದರೆ ಬಿಪಿ, ಶುಗರ್‌ಗೆ ಅಕ್ಕಿ ಔಷಧವಲ್ಲ.

ಎರಡನೆಯದು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ. ಮನೆಯ ಯಜಮಾನಿಗೆ ತಿಂಗಳಿಗೆ 2,000. ವರ್ಷಕ್ಕೆ 28 ಸಾವಿರ ಕೋಟಿಗೂ ಮೀರಿದ ಖರ್ಚು. ಇಷ್ಟು ದೊಡ್ಡ ಮೊತ್ತದ ಬಗ್ಗೆ ಪ್ರಶ್ನೆ ಕೇಳೋದು ತಪ್ಪಲ್ಲ, ಕೇಳಲೇಬೇಕು. ಅದೇ ದುಡ್ಡಿನಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಡಾಕ್ಟರು, ಗುಳಿಗೆ ಎರಡೂ ಬರುತ್ತಿತ್ತಲ್ಲ ಅನ್ನೋದು ಗಟ್ಟಿ ಪ್ರಶ್ನೆಯೇ. ಆದರೆ 'ಜನ ದುಡಿಯೋದು ಬಿಡ್ತಾರೆ' ಅನ್ನೋ ಮಾತಿಗೆ ಉತ್ತರ ಈಗಾಗಲೇ ಇದೆ. 2011-12ರಲ್ಲಿ 'ಸೇವಾ' ಸಂಸ್ಥೆ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಪ್ರತಿ ವಯಸ್ಕರಿಗೂ ತಿಂಗಳಿಗೆ ಮೊದಲು 200, ಆಮೇಲೆ 300 ರೂಪಾಯಿ ಕೊಟ್ಟು ನೋಡಿತು. ಜನ ಸಾಲ ಕಮ್ಮಿ ಮಾಡಿಕೊಂಡರು, ಕೂಲಿ ಬಿಟ್ಟು ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು. ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಆರು ದೇಶಗಳ ನಗದು ಯೋಜನೆಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ದುಡಿಮೆ ಇಳಿದದ್ದು ಕಾಣಲಿಲ್ಲ. ಇಸ್ಪೀಟಿಗೆ, ಕುಡಿತಕ್ಕೆ ಹೋಗುತ್ತೆ ಅನ್ನುವ ಮಾತೂ ಅಷ್ಟೇ. ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೆಂಡ, ತಂಬಾಕಿನ ಖರ್ಚು ಏರಿರಲಿಲ್ಲ.

ನಮ್ಮ ರಾಜ್ಯದ ಸುದ್ದಿಗಳನ್ನೇ ನೋಡಿ. 2024ರಲ್ಲಿ ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಕೂಡಿಟ್ಟ ಗೃಹಲಕ್ಷ್ಮಿ ದುಡ್ಡಲ್ಲಿ ಊರಿಗೆ ಹೋಳಿಗೆ ಊಟ ಹಾಕಿಸಿದರು. ಗದಗ ಜಿಲ್ಲೆಯಲ್ಲಿ ಅತ್ತೆ ಸೊಸೆ ದುಡ್ಡು ಕೂಡಿಸಿ ಕೊಳವೆಬಾವಿ ಕೊರೆಸಿದರು. ಹೋಳಿಗೆ ಊಟವನ್ನು ದುಂದು ಅನ್ನುವವರಿದ್ದಾರೆ. ನನಗೆ ಆಡೂರಿನ ಗಾವುಂಡರು ನೆನಪಾದರು. ಕೊಡುವವರಾಗೋ ಆಸೆ ಗಾವುಂಡರಿಗೆ ಮಾತ್ರ ಇರಬೇಕೇ?

*

ಗೃಹಲಕ್ಷ್ಮಿಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು 2,000 ಅನ್ನೋ ಅಂಕಿಯಲ್ಲ, 'ಯಜಮಾನಿ' ಅನ್ನೋ ಪದ. ಇದಕ್ಕೂ ಒಂದು ಇತಿಹಾಸ ಇದೆ.

ಬ್ರಿಟನ್ನಿನಲ್ಲಿ ಎಲೀನರ್ ರಾಥ್‌ಬೋನ್ ಅನ್ನುವ ಸಂಸದೆ ಮಕ್ಕಳಿರುವ ಕುಟುಂಬಗಳಿಗೆ ಸರ್ಕಾರ ಭತ್ಯೆ ಕೊಡಬೇಕು ಅಂತ ಕಾಲು ಶತಮಾನ ಹೋರಾಡಿದರು. 1945ರಲ್ಲಿ ಮಸೂದೆ ಬಂದಾಗ ಅದರಲ್ಲಿ ದುಡ್ಡು ತಂದೆಯ ಹೆಸರಿಗೆ ಅಂತಿತ್ತು. ಆಕೆ ಒಪ್ಪಲಿಲ್ಲ. ತಾಯಿಗೇ ಕೊಡಬೇಕು ಅಂತ ಹಟ ಹಿಡಿದರು, ಗೆದ್ದರು. ಎರಡನೇ ಮಗುವಿನಿಂದ ಮುಂದಕ್ಕೆ ವಾರಕ್ಕೆ ಐದು ಶಿಲಿಂಗ್. ಮೊದಲ ಕಂತು ತಾಯಂದಿರ ಕೈ ಸೇರಿದ್ದು 1946ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಅವರು ತೀರಿಹೋಗಿದ್ದರು. ಮುಂದೆ 1970ರ ದಶಕದ ಕೊನೆಯಲ್ಲಿ ಅಲ್ಲಿ ಇನ್ನೊಂದು ಬದಲಾವಣೆ ಆಯ್ತು. ಗಂಡನ ತೆರಿಗೆಯಲ್ಲಿ ಸಿಗುತ್ತಿದ್ದ ರಿಯಾಯಿತಿ ತೆಗೆದು, ಅದನ್ನೂ ತಾಯಿಗೆ ಕೈಗೆ ಕೊಡತೊಡಗಿದರು. ಆ ಮೇಲೆ ಮನೆಗಳಲ್ಲಿ ಹೆಂಗಸರ, ಮಕ್ಕಳ ಬಟ್ಟೆಯ ಖರ್ಚು ಗಂಡಸರ ಬಟ್ಟೆಯ ಖರ್ಚಿಗೆ ಹೋಲಿಸಿದರೆ ಏರಿತು ಅಂತ ಸಂಶೋಧಕರು ತೋರಿಸಿದರು. ದುಡ್ಡು ಬರುವ ಮನೆ ಅದೇ. ಹಿಡಿಯುವ ಕೈ ಬದಲಾದದ್ದಕ್ಕೇ ಇಷ್ಟು.

ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯ್ದೆ, ಪಡಿತರ ಚೀಟಿಗೆ ಮನೆಯ ಹದಿನೆಂಟು ದಾಟಿದ ಹಿರಿಯ ಹೆಣ್ಣುಮಗಳೇ ಮುಖ್ಯಸ್ಥೆ ಅಂತ ಬರೆಯಿತು. ಹತ್ತು ವರ್ಷದ ಮೇಲೆ ಗೃಹಲಕ್ಷ್ಮಿ ಅದೇ ಚೀಟಿಯನ್ನು ನೋಡಿ ಯಜಮಾನಿ ಯಾರು ಅಂತ ಹೇಳಿತು. ನಮ್ಮ ಮನೆಯಲ್ಲಿ ಅದು ಆಯಿ. ಆಗ ಸಣ್ಣ ಬಿರುಗಾಳಿ ಎದ್ದಿತು. ಅಡುಗೆ, ಹೊಲ, ದನ ಎಲ್ಲ ನೋಡಿಕೊಳ್ಳುವವಳು ಚಿಗವ್ವ, ದುಡ್ಡು ಮಾತ್ರ ಅತ್ತೆಗೆ! ಸುತ್ತಲಿನ ಊರುಗಳಲ್ಲಿ ಕಾರ್ಡ್ ಬೇರೆ ಮಾಡಿಸುವ ಮಾತು ಶುರುವಾಗಿತ್ತು. ಚಿಗವ್ವನೂ ಕೇಳಿದಳು. ಆಯಿ, "ಒಲಿ ಒಂದ ಐತಿ, ಕಾರ್ಡ್ ಯಾಕ ಎರಡು?" ಅಂದಳು. ಆದರೆ ಮೊದಲ ಕಂತು ಬಂದ ದಿನವೇ 1,500 ರೂಪಾಯಿಯನ್ನು ಚಿಗವ್ವನ ಕೈಗಿಟ್ಟು, "ಇದು ನಿಂದು, ಅವಂಗ ಹೇಳಬ್ಯಾಡ" ಅಂದಳಂತೆ. 'ಅವ' ಅಂದರೆ ಕಾಕಾ, ಆಕೆಯ ಸ್ವಂತ ಮಗ.

ಆ 1,500 ಎಲ್ಲಿಗೆ ಹೋಗುತ್ತಿತ್ತು ಅಂತ ನೋಡಿದರೆ ಖುಷಿಯ ಕಥೆ ಅಲ್ಲಿಗೆ ಸ್ವಲ್ಪ ನಿಲ್ಲುತ್ತೆ. ಚಿಗವ್ವ ತಂಗಿಯ ಮದುವೆಗೆ ಫೈನಾನ್ಸ್‌ನಿಂದ ಸಾಲ ಎತ್ತಿದ್ದಳು, ವಾರವಾರ ಕಂತು. ಸರ್ಕಾರದಿಂದ ಬಂದದ್ದರ ಬಹುಪಾಲು ಹೀಗೆ ಬೇರೆ ದಾರಿಯಲ್ಲಿ ಪೇಟೆಗೆ ವಾಪಸ್ ಹೊರಟಿತು. 2025ರ ಆರಂಭದಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಸಾಲ ವಸೂಲಿಯ ಕಿರುಕುಳ ತಾಳಲಾರದೆ ಮುಖ್ಯಮಂತ್ರಿಗೆ ಮಾಂಗಲ್ಯ ಕಳಿಸಿ ಪ್ರತಿಭಟಿಸಿದ್ದು ನಿಮಗೆ ನೆನಪಿರಬಹುದು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಎರಡು ಸಾವಿರ ರೂಪಾಯಿ ಒಂದು ಮನೆಯನ್ನು ಬಡತನದಿಂದ ಎತ್ತುತ್ತೆ ಅಂತ ನಾನು ಹೇಳಲಾರೆ. ಕಂತಿನವರು ಬಂದ ದಿನ ಚಿಗವ್ವ ಹಿತ್ತಲ ಬಾಗಿಲಿಂದ ಹೊಲಕ್ಕೆ ಓಡಬೇಕಾಗಿರಲಿಲ್ಲ ಅಂತ ಮಾತ್ರ ಹೇಳಬಲ್ಲೆ.

*

ಇನ್ನು ಆ ಮೂರು ತಿಂಗಳು.

ಆಸ್ಪತ್ರೆಯಲ್ಲಿ ಡಾಕ್ಟರು, ಬಿಪಿ ವಿಪರೀತ ಏರಿದೆ, ಗುಳಿಗೆ ಸರಿಯಾಗಿ ತಗೋತಿಲ್ವಾ ಅಂದರು. ಆಯಿ ಸುಮ್ಮನಿದ್ದಳು. ಚಿಗವ್ವ ಹೇಳಿದಳು: ದಿನ ಬಿಟ್ಟು ದಿನ ನುಂಗುತ್ತಿದ್ದಳಂತೆ, ಚೀಟಿ ಹೆಚ್ಚು ದಿನ ಬರಲಿ ಅಂತ. ಪೆನ್ಷನ್ ಬಂದಿಲ್ಲ, ಗೃಹಲಕ್ಷ್ಮಿಯೂ ಬಂದಿಲ್ಲ. ಗೃಹಲಕ್ಷ್ಮಿಯ ಕಂತು ಆಗ ಅನೇಕರಿಗೆ ತಡವಾಗಿತ್ತು, ಹಾಗಾಗಿ 'ಯಾರಿಗೂ ಬಂದಿಲ್ಲ' ಅಂತ ಊರಲ್ಲಿ ಮಾತು. ಪೆನ್ಷನ್ನೂ ಹಾಗೇ ಇರಬೇಕು ಅಂದುಕೊಂಡು ಸುಮ್ಮನಾದರು. ಬ್ಯಾಂಕಿನಲ್ಲಿ ಕೇಳಿದ್ದಕ್ಕೆ "ಬಂದಿಲ್ಲ" ಅಂದರು. ಯಾಕೆ ಅಂತ ಹೇಳಲಿಲ್ಲ.

"ನನಗ್ಯಾಕ ಹೇಳಲಿಲ್ಲ ಆಯಿ? ಹಬ್ಬಕ್ಕ ಬಂದಿದ್ನಲ್ಲಾ?" ಅಂದೆ.

"ನೀ ಅವತ್ತ ಹಂಗ ಅಂದಿ. ಮತ್ತ ನಾ ಹೆಂಗ ಕೇಳ್ಲೆಪಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಲ್ಯಾಪ್‌ಟಾಪ್ ತೆಗೆದು ಆಧಾರ್ ವೆಬ್‌ಸೈಟಿನಲ್ಲಿ ಆಯಿಯ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದೆ. ಅಲ್ಲಿ ಇದ್ದದ್ದು ಆಕೆಯ ಪಾಸ್‌ಬುಕ್ಕಿನ ಬ್ಯಾಂಕ್ ಅಲ್ಲ, ಬೇರೆ ಯಾವುದೋ. ಆಗ ಅರ್ಥ ಆಯ್ತು. ಡಿಬಿಟಿ ದುಡ್ಡು ಖಾತೆ ನಂಬರ್ ನೋಡಿ ಹೋಗೋದಿಲ್ಲ, ಆಧಾರ್ ನಂಬರ್ ನೋಡಿ ಹೋಗುತ್ತೆ. ಆ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆ ಯಾವುದೋ ಅದಕ್ಕೆ ಬೀಳುತ್ತೆ. ಕೆಲವು ತಿಂಗಳ ಹಿಂದೆ ಊರಿಗೆ ಬಂದ ಏಜೆಂಟ್ ಒಬ್ಬ 'ಸ್ಕೀಮ್' ಅಂತ ಹೇಳಿ ಹತ್ತಾರು ಮುದುಕಿಯರ ಹೆಬ್ಬೆಟ್ಟು ಮಷಿನ್ನಿಗೆ ಒತ್ತಿಸಿಕೊಂಡು ಹೋಗಿದ್ದ. ಆಯಿಗೆ ಗೊತ್ತಿಲ್ಲದೆ ಆಕೆಗೆ ಎರಡನೇ ಖಾತೆ ಹುಟ್ಟಿತ್ತು. ದುಡ್ಡು ನಿಂತಿರಲೇ ಇಲ್ಲ. ಮೂರು ತಿಂಗಳ ಪೆನ್ಷನ್, ಗೃಹಲಕ್ಷ್ಮಿಯ ಒಂದು ಕಂತು, ಒಟ್ಟು 5,600 ರೂಪಾಯಿ, ಆಕೆಯದೇ ಹೆಸರಿನಲ್ಲಿ, ಆಕೆ ಕಾಣದ ಜಾಗದಲ್ಲಿ ಕೂತಿತ್ತು. ಸರ್ಕಾರದ ದಾಖಲೆಯಲ್ಲಿ ಎಲ್ಲವೂ 'ಯಶಸ್ವಿ'. ಆಸ್ಪತ್ರೆ ಬಿಲ್ಲು ಹನ್ನೊಂದು ಸಾವಿರ ದಾಟಿತ್ತು.

ಇಪ್ಪತ್ತು ರೂಪಾಯಿ ಹಿಡಿದುಕೊಳ್ಳುತ್ತಿದ್ದ ಅಂಚೆಯವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ದುಡ್ಡು ಬಾರದ ತಿಂಗಳು ಆಯಿ ಅವರನ್ನು ದಾರಿಯಲ್ಲಿ ತಡೆದು ಬಯ್ಯುತ್ತಿದ್ದಳು. "ಮುಂದಿನ ತಿಂಗಳು ಕೂಡಿ ಬರತೈತಿ ಬಿಡಬೇ" ಅಂತ ಅವರು ಸಮಾಧಾನ ಹೇಳೋರು. ನಡುವಿನ ಕೈ ತೆಗೆದೆವು, ಒಳ್ಳೆಯದೇ ಆಯ್ತು. ಅದರ ಜೊತೆಗೇ ಬಯ್ಯಲು ಇದ್ದ ಮುಖವನ್ನೂ ತೆಗೆದುಬಿಟ್ಟೆವು.

ಆಡೂರಿನ ಕಡೆಗೆ ವಾಪಸ್ ಬರೋಣ. ಹಳೆಯ ಕಲ್ಲಿನಲ್ಲಿ ಮೂರು ಸಂಗತಿ ಇರುತ್ತಿದ್ದವು ಅಂದೆನಲ್ಲ? ಈಗಿನ ಎಸ್‌ಎಂಎಸ್‌ನಲ್ಲಿ ಮೊದಲ ಎರಡು ಇವೆ. ಕೊಟ್ಟವರು ಯಾರು ಅನ್ನೋದಂತೂ ಎಲ್ಲ ಸರ್ಕಾರಗಳೂ ದಪ್ಪ ಅಕ್ಷರದಲ್ಲಿ, ಫೋಟೋ ಸಮೇತ ಹಾಕಿಕೊಳ್ಳುತ್ತವೆ. ಪಡೆದವಳ ಹೆಸರು ಸಾವಿರದಿನ್ನೂರು ವರ್ಷಗಳ ನಂತರ ಕೊನೆಗೂ ಬಂದಿದೆ, ಅದು ಸಣ್ಣ ಸಾಧನೆ ಅಲ್ಲ. ಮೂರನೆಯದು ಇಲ್ಲ. ತಪ್ಪಿದರೆ ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗಬೇಕು, ಸಿಗದಿದ್ದರೆ ಯಾರು ಹೊಣೆ? ಕವಿಲೆಯ ಪಾಪ ಬೇಡ. ಪಂಚಾಯಿತಿಯ ಗೋಡೆಯ ಮೇಲೆ ಒಂದು ಹೆಸರು, ವಾರಕ್ಕೊಂದು ದಿನ ಅಲ್ಲಿ ಕೂರುವ ಒಬ್ಬ ಮನುಷ್ಯ ಸಾಕು.

ಅಲ್ಲಿಯವರೆಗೆ ಆ ಮೂರನೆಯ ಸಾಲು ನಾವೇ ಆಗಬೇಕೇನೋ. ಮುಂದಿನ ಸಲ ಊರಿಗೆ ಹೋದಾಗ ಹತ್ತು ನಿಮಿಷ ತೆಗೆದು ಇಷ್ಟು ಮಾಡಿ. ಅಜ್ಜಿಯ, ಅಮ್ಮನ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿ. ಆಧಾರ್ ವೆಬ್‌ಸೈಟಿನಲ್ಲಿ ಕಾಣುತ್ತೆ, ಸಾದಾ ಫೋನಿನಲ್ಲಿ *99*99*1# ಒತ್ತಿದರೂ ತಿಳಿಯುತ್ತೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಕಂತು ಯಾವ ಖಾತೆಗೆ ಹೋಗಿದೆ ಅಂತ ಇರುತ್ತೆ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ, ಬ್ಯಾಂಕಿನಲ್ಲಿ ಕೆವೈಸಿ ಬಾಕಿ ಇದೆಯಾ, ಮೆಸೇಜ್ ಬರುವ ಮೊಬೈಲ್ ನಂಬರ್ ಇನ್ನೂ ಚಾಲ್ತಿಯಲ್ಲಿದೆಯಾ ನೋಡಿ. ಯೋಜನೆ ಸರಿಯೋ ತಪ್ಪೋ ಅನ್ನುವ ಚರ್ಚೆ ಇದಾದ ಮೇಲೆ ಮಾಡಬಹುದು.

ಆಯಿಯ ಖಾತೆಯನ್ನು ಹಳೆಯ ಬ್ಯಾಂಕಿಗೇ ಮತ್ತೆ ಜೋಡಿಸಿದ್ದೇವೆ. ಗುಳಿಗೆ ಈಗ ದಿನಾ ನಡೀತಿದೆ. ನಾನು ಪ್ರತಿ ತಿಂಗಳು ಫೋನ್ ಮಾಡಿ, ಗೀಟು ಹಾಕಿದೆಯಾ ಅಂತ ಕೇಳ್ತೀನಿ. ಹೋದ ವಾರ ಕೇಳಿದಾಗ, "ಹಾಕೀನಪಾ. ನಿನ್ನ ಟ್ಯಾಕ್ಸ್ ಬಂದೈತಿ" ಅಂತ ನಕ್ಕಳು.